ವಾಹನ ತಪಾಸಣೆಯಲ್ಲಿ ಚಾಲಕನ ಗುರುತು ಮತ್ತು ದಾಖಲೆ ಒದಗಿಸುವ ಹೊಣೆ

ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಚಲಾಯಿಸುವ ವ್ಯಕ್ತಿಯು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ತನ್ನ ಚಾಲನಾ ಪರವಾನಗಿಯನ್ನು ತೋರಿಸುವುದು ಭಾರತದಲ್ಲಿ ಶಾಸನಬದ್ಧ ಕರ್ತವ್ಯವಾಗಿದೆ. ಕೆಲವು ಸಂದರ್ಭಗಳಲ್ಲಿ ಚಾಲಕನು ತನ್ನ ಹೆಸರು ಮತ್ತು ವಿಳಾಸವನ್ನೂ ತಿಳಿಸಬೇಕಾಗುತ್ತದೆ. ಈ ಹೊಣೆಗಳನ್ನು ಮುಖ್ಯವಾಗಿ ಮೋಟಾರು ವಾಹನಗಳ ಅಧಿನಿಯಮ, 1988 ಮತ್ತು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989 ನಿರೂಪಿಸುತ್ತವೆ. ಪರವಾನಗಿಯನ್ನೇ ಪಡೆಯದಿರುವುದು, ಪಡೆದಿದ್ದರೂ ಜೊತೆಯಲ್ಲಿ ಇಟ್ಟುಕೊಳ್ಳದಿರುವುದು ಮತ್ತು ಗುರುತು ಹೇಳಲು ನಿರಾಕರಿಸುವುದು ಕಾನೂನಿನ ದೃಷ್ಟಿಯಲ್ಲಿ ಮೂರು ಬೇರೆ ಬೇರೆ ಸಂಗತಿಗಳು. ಅವುಗಳ ಪರಿಣಾಮಗಳೂ ಬೇರೆಯಾಗಿವೆ.

ಹಿನ್ನೆಲೆ

1939ರ ಮೋಟಾರು ವಾಹನಗಳ ಅಧಿನಿಯಮದ ಸ್ಥಾನದಲ್ಲಿ ಬಂದ 1988ರ ಅಧಿನಿಯಮವು 1989ರ ಜುಲೈ 1ರಂದು ಜಾರಿಗೆ ಬಂದಿತು. 2019ರಲ್ಲಿ ಸಂಸತ್ತು ಅದಕ್ಕೆ ವ್ಯಾಪಕ ತಿದ್ದುಪಡಿ ತಂದಿತು. ಹೆಚ್ಚಿಸಿದ ದಂಡಗಳು ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಾದವು. ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳಿಗೆ ಸ್ಥಳದಲ್ಲೇ ವಸೂಲು ಮಾಡುವ ಮೊತ್ತವನ್ನು ಗೊತ್ತುಪಡಿಸುವ ಅಧಿಕಾರ ಕಲಂ 200ರ ಪ್ರಕಾರ ರಾಜ್ಯ ಸರ್ಕಾರಗಳಿಗೆ ಇದೆ. ಕರ್ನಾಟಕ ಸರ್ಕಾರವು 2019ರ ಸೆಪ್ಟೆಂಬರ್ ತಿಂಗಳಲ್ಲಿಯೇ ಇಂತಹ ಕೆಲವು ಮೊತ್ತಗಳನ್ನು ಇಳಿಸಿತು. ಆದುದರಿಂದ ಒಂದೇ ತಪ್ಪಿಗೆ ಕಟ್ಟಬೇಕಾದ ಹಣವು ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿರಬಹುದು.

ತೋರಿಸಬೇಕಾದ ದಾಖಲೆಗಳು

ಅಧಿನಿಯಮದ ಕಲಂ 130 ಚಾಲನಾ ಪರವಾನಗಿಯನ್ನು ತೋರಿಸುವ ಕರ್ತವ್ಯವನ್ನು ವಿಧಿಸುತ್ತದೆ. 1989ರ ನಿಯಮಗಳ ಪೈಕಿ ನಿಯಮ 139 ಇದನ್ನು ವಿಸ್ತರಿಸುತ್ತದೆ. ಅದರ ಪ್ರಕಾರ ಚಾಲಕ ಅಥವಾ ನಿರ್ವಾಹಕನು ಹಾಜರುಪಡಿಸಬೇಕಾದ ದಾಖಲೆಗಳು ಹೀಗಿವೆ:

* ಚಾಲನಾ ಪರವಾನಗಿ (ಡ್ರೈವಿಂಗ್ ಲೈಸೆನ್ಸ್)
* ವಾಹನದ ನೋಂದಣಿ ಪ್ರಮಾಣಪತ್ರ (ಆರ್.ಸಿ.)
* ವಿಮಾ ಪ್ರಮಾಣಪತ್ರ
* ಹೊಗೆ ತಪಾಸಣೆಯ ಪ್ರಮಾಣಪತ್ರ
* ಸಾರಿಗೆ ವಾಹನವಾಗಿದ್ದಲ್ಲಿ ಅರ್ಹತಾ ಪ್ರಮಾಣಪತ್ರ (ಫಿಟ್‌ನೆಸ್ ಸರ್ಟಿಫಿಕೇಟ್) ಮತ್ತು ರಹದಾರಿ (ಪರ್ಮಿಟ್)

ಇವುಗಳನ್ನು ಕೇಳುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಬೇಕು. ರಾಜ್ಯ ಸರ್ಕಾರವು ಅಧಿಕಾರ ನೀಡಿದ ಇತರ ಅಧಿಕಾರಿಗಳೂ ಕೇಳಬಹುದು. ಕಲಂ 130ರ ಕರ್ತವ್ಯವು ಸಹಪ್ರಯಾಣಿಕರಿಗೆ ಅನ್ವಯಿಸುವುದಿಲ್ಲ. ಆ ಕಲಮಿನಲ್ಲಿ ಹೆಸರಿಸಿರುವ ದಾಖಲೆಗಳಲ್ಲಿ ಆಧಾರ್ ಚೀಟಿ ಸೇರಿಲ್ಲ.

ವಿದ್ಯುನ್ಮಾನ ದಾಖಲೆಗಳು

2018ರ ನವೆಂಬರ್ ತಿಂಗಳಲ್ಲಿ ಆದ ತಿದ್ದುಪಡಿಯಿಂದ ನಿಯಮ 139ರ ಅಡಿಯಲ್ಲಿ ದಾಖಲೆಗಳನ್ನು ಕಾಗದದ ರೂಪದಲ್ಲಾಗಲಿ ವಿದ್ಯುನ್ಮಾನ ರೂಪದಲ್ಲಾಗಲಿ ತೋರಿಸಬಹುದು. ಕೇಂದ್ರ ಸರ್ಕಾರದ ಡಿಜಿಲಾಕರ್ ಮತ್ತು ಎಂಪರಿವಾಹನ್ ಆ್ಯಪ್‌ಗಳಲ್ಲಿ ದೊರೆಯುವ ಪರವಾನಗಿ ಮತ್ತು ನೋಂದಣಿ ಪತ್ರಗಳಿಗೆ ಮೂಲ ದಾಖಲೆಗಳಷ್ಟೇ ಮಾನ್ಯತೆ ಇದೆ. ಪರವಾನಗಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಇಟ್ಟುಕೊಂಡರೆ ಅದು ಇದಕ್ಕೆ ಸಮನಾಗುವುದಿಲ್ಲ. ಸರ್ಕಾರದ ದತ್ತಾಂಶದಿಂದ ನೇರವಾಗಿ ಬಂದ ದಾಖಲೆಯನ್ನು ಅಧಿಕಾರಿಯು ತಾಳೆ ನೋಡಬಲ್ಲನು. ಫೋಟೊಗೆ ಆ ಆಧಾರವಿಲ್ಲ.

2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮತ್ತೊಂದು ತಿದ್ದುಪಡಿಯ ಪ್ರಕಾರ, ವಿದ್ಯುನ್ಮಾನ ವಿಧಾನದಲ್ಲಿ ದಾಖಲೆಯ ವಿವರಗಳು ಸರಿಯೆಂದು ಕಂಡುಬಂದ ಮೇಲೆ ಅದರ ಕಾಗದದ ಪ್ರತಿಯನ್ನು ತಪಾಸಣೆಗಾಗಿ ಕೇಳತಕ್ಕದ್ದಲ್ಲ. ತಪಾಸಣೆ ನಡೆದ ದಿನಾಂಕ, ವೇಳೆ ಮತ್ತು ತಪಾಸಣೆ ಮಾಡಿದ ಅಧಿಕಾರಿಯ ಗುರುತು ಕೂಡ ಸರ್ಕಾರಿ ಜಾಲದಲ್ಲಿ ದಾಖಲಾಗಬೇಕು.

ದಾಖಲೆ ಜೊತೆಯಲ್ಲಿ ಇಲ್ಲದಿದ್ದಾಗ

ಪರವಾನಗಿಯನ್ನು ಮನೆಯಲ್ಲಿ ಮರೆತು ಬಂದವನನ್ನು ಪರವಾನಗಿಯೇ ಇಲ್ಲದವನೆಂದು ಕಾನೂನು ಭಾವಿಸುವುದಿಲ್ಲ. ಕೇಳಿದ ವೇಳೆಯಲ್ಲಿ ದಾಖಲೆ ಇಲ್ಲದಿದ್ದರೆ, ನಿಗದಿತ ಅವಧಿಯೊಳಗೆ ಒಪ್ಪಿಸಿದರೂ ಕರ್ತವ್ಯ ಪಾಲನೆಯಾದಂತೆಯೇ ಎಂದು ಕಲಂ 130 ಹೇಳುತ್ತದೆ. ನಿಯಮ 139ರಲ್ಲಿ ಈ ಅವಧಿ 15 ದಿನಗಳು. ಸಾರಿಗೆ ವಾಹನದ ನೋಂದಣಿ ಮತ್ತು ಅರ್ಹತಾ ಪ್ರಮಾಣಪತ್ರಗಳ ವಿಷಯದಲ್ಲಿ ಈ ಕಲಮಿನ ರಿಯಾಯಿತಿಗೆ ಮಿತಿಗಳಿವೆ.

ಪ್ರತ್ಯೇಕ ಶಿಕ್ಷೆ ಗೊತ್ತುಪಡಿಸದ ಉಲ್ಲಂಘನೆಗಳಿಗೆ ಕಲಂ 177 ಅನ್ವಯಿಸುತ್ತದೆ. ಅದರಲ್ಲಿ ಮೊದಲ ಸಲಕ್ಕೆ 500 ರೂಪಾಯಿಗಳವರೆಗೆ, ನಂತರದ ಸಲಗಳಿಗೆ 1,500 ರೂಪಾಯಿಗಳವರೆಗೆ ದಂಡವಿದೆ. ಪರವಾನಗಿಯನ್ನೇ ಪಡೆಯದೆ ವಾಹನ ಚಲಾಯಿಸುವುದು ಇದಕ್ಕಿಂತ ಬಹಳ ಗುರುತರವಾದುದು. ಕಲಂ 181ರ ಅಡಿಯಲ್ಲಿ ಅದಕ್ಕೆ ಮೂರು ತಿಂಗಳವರೆಗಿನ ಕಾರಾವಾಸ, ಇಲ್ಲವೆ 5,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಸ್ಥಳದಲ್ಲಿ ನಡೆಯುವ ವಾಗ್ವಾದಗಳಲ್ಲಿ ಈ ಎರಡು ತಪ್ಪುಗಳ ಅಂತರ ಮರೆಯಾಗುವುದುಂಟು. ಯಾವ ಕಲಮಿನಡಿ ಪ್ರಕರಣ ದಾಖಲಾಗಿದೆ ಎಂಬುದನ್ನು ಚಲನ್‌ನಲ್ಲಿ ನೋಡಿಕೊಳ್ಳುವುದು ಈ ಕಾರಣದಿಂದ ಮುಖ್ಯವಾಗುತ್ತದೆ.

ಹೆಸರು ಮತ್ತು ವಿಳಾಸ

ಅಧಿನಿಯಮದ ಅಡಿಯಲ್ಲಿ ಅಪರಾಧ ಮಾಡಿದ ವ್ಯಕ್ತಿಯು ತನ್ನ ಹೆಸರು, ವಿಳಾಸ ಹೇಳಲು ನಿರಾಕರಿಸಿದರೆ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯು ಕಲಂ 202ರ ಪ್ರಕಾರ ವಾರಂಟ್ ಇಲ್ಲದೆ ಅವನನ್ನು ಬಂಧಿಸಬಹುದು. ದಂಡ ಕಟ್ಟಿ ಮುಗಿಯಬಹುದಾದ ಸಣ್ಣ ತಪ್ಪು ಕೂಡ ಈ ನಿರಾಕರಣೆಯಿಂದ ಬಂಧನಕ್ಕೆ ದಾರಿಯಾಗಬಲ್ಲದು. ಕೊಡಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದು ಅಥವಾ ಸುಳ್ಳೆಂದು ತಿಳಿದೂ ಹೇಳುವುದು ಕಲಂ 179ರಲ್ಲಿ ಶಿಕ್ಷಾರ್ಹವಾಗಿದೆ. ಅದಕ್ಕೆ ಒಂದು ತಿಂಗಳವರೆಗಿನ ಕಾರಾವಾಸ, ಇಲ್ಲವೆ 2,000 ರೂಪಾಯಿಗಳವರೆಗಿನ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು.

ಅಪಘಾತ ಸಂಭವಿಸಿದಾಗ ಈ ಕರ್ತವ್ಯವು ಪೊಲೀಸರಿಗೆ ಮಾತ್ರ ಸೀಮಿತವಾಗಿರುವುದಿಲ್ಲ. ಕಲಂ 132ರ ಪ್ರಕಾರ, ಬಾಧಿತ ವ್ಯಕ್ತಿಯು ತನ್ನ ಹೆಸರು, ವಿಳಾಸವನ್ನು ಕೊಟ್ಟು ಕೇಳಿದರೆ, ಚಾಲಕನು ತನ್ನ ಹಾಗೂ ವಾಹನದ ಮಾಲೀಕನ ಹೆಸರು ಮತ್ತು ವಿಳಾಸವನ್ನು ತಿಳಿಸಬೇಕು. ಅಪರಾಧದ ಆರೋಪಕ್ಕೆ ಗುರಿಯಾದ ಚಾಲಕ ಯಾರೆಂಬ ವಿವರವನ್ನು, ಅಧಿಕಾರ ಪಡೆದ ಪೊಲೀಸ್ ಅಧಿಕಾರಿ ಕೇಳಿದಾಗ ಮಾಲೀಕನು ಒದಗಿಸಬೇಕೆಂದು ಕಲಂ 133 ವಿಧಿಸುತ್ತದೆ.

ಅಧಿಕಾರಿಯ ಹೊಣೆಗಳು

ಪರವಾನಗಿಯನ್ನು ವಶಪಡಿಸಿಕೊಳ್ಳಲು ಕಲಂ 206ರಲ್ಲಿ ಹೇಳಿರುವ ಕಾರಣಗಳು ಇರಬೇಕು. ದಾಖಲೆ ನಕಲಿಯೆಂದು ನಂಬಲು ಆಧಾರವಿರುವುದು, ಆರೋಪಿತ ಚಾಲಕನು ತಲೆಮರೆಸಿಕೊಳ್ಳುವ ಸಂಭವವಿರುವುದು, ಕುಡಿದು ಅಥವಾ ಅಪಾಯಕಾರಿಯಾಗಿ ವಾಹನ ಚಲಾಯಿಸಿದಂತಹ ನಿರ್ದಿಷ್ಟ ಅಪರಾಧಗಳು ಇವುಗಳಲ್ಲಿ ಸೇರಿವೆ. ಚಾಲಕನು ತಲೆಮರೆಸಿಕೊಳ್ಳಬಹುದೆಂದು ಪರವಾನಗಿಯನ್ನು ವಶಪಡಿಸಿಕೊಂಡಾಗ ತಾತ್ಕಾಲಿಕ ಸ್ವೀಕೃತಿ ಪತ್ರವನ್ನು ಕೊಡಲೇಬೇಕು. ಪರವಾನಗಿ ಹಿಂದಿರುಗುವವರೆಗೆ ಆ ಪತ್ರದ ಬಲದಿಂದ ವಾಹನ ಚಲಾಯಿಸಬಹುದು.

ಗುರುತು ತೋರಿಸುವ ಹೊಣೆ ಒಂದೇ ಕಡೆಯದಲ್ಲ. ಬಂಧಿಸುವ ಅಧಿಕಾರಿಯು ತನ್ನ ಹೆಸರು ಸ್ಪಷ್ಟವಾಗಿ ಕಾಣುವಂತೆ ಗುರುತು ಧರಿಸಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 1996ರ ಡಿ. ಕೆ. ಬಸು ಪ್ರಕರಣದಲ್ಲಿ ನಿರ್ದೇಶಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಈ ನಿಯಮವಿದೆ. ಬಂಧನಕ್ಕೆ ಕಾರಣವನ್ನು ತಿಳಿಯುವ ಹಕ್ಕನ್ನು ಸಂವಿಧಾನದ 22ನೆಯ ಅನುಚ್ಛೇದವು ನೀಡುತ್ತದೆ.

ಇತರ ದೇಶಗಳಲ್ಲಿ

ಬ್ರಿಟನ್ನಿನ 1988ರ ರಸ್ತೆ ಸಂಚಾರ ಕಾಯಿದೆಯ ಪ್ರಕಾರ, ಪರವಾನಗಿ ಜೊತೆಯಲ್ಲಿ ಇಲ್ಲದ ಚಾಲಕನು ಏಳು ದಿನಗಳೊಳಗೆ ತಾನು ಸೂಚಿಸಿದ ಪೊಲೀಸ್ ಠಾಣೆಯಲ್ಲಿ ಅದನ್ನು ಹಾಜರುಪಡಿಸಬಹುದು. ಅಮೆರಿಕದಲ್ಲಿ ಪರವಾನಗಿ ತೋರಿಸುವ ನಿಯಮಗಳನ್ನು ಆಯಾ ರಾಜ್ಯಗಳು ರೂಪಿಸುತ್ತವೆ. ಸಕಾರಣವಾದ ಅನುಮಾನವಿಲ್ಲದೆ, ಕೇವಲ ಪರವಾನಗಿ ನೋಡಲೆಂದು ಮನಬಂದಂತೆ ಒಂದು ವಾಹನವನ್ನು ತಡೆಯುವುದು ಸಂವಿಧಾನಬಾಹಿರವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1979ರ ಡೆಲವೇರ್ ವಿರುದ್ಧ ಪ್ರೌಸ್ ಪ್ರಕರಣದಲ್ಲಿ ತೀರ್ಪು ನೀಡಿತು.