ಆಶ್ರಯ ಮತ್ತು ಆಸರೆ: ಕೊಕ್ಕಡ ಸೀಮೆಯ ವಸತಿವಿಚಾರ

ಸಂಸ್ಕೃತದ 'ಆಶ್ರಯ' ಶಬ್ದವೇ ಕನ್ನಡದಲ್ಲಿ 'ಆಸರೆ' ಎಂಬ ತದ್ಭವರೂಪವನ್ನು ತಾಳಿದೆಯೆಂಬುದು ಭಾಷಾಶಾಸ್ತ್ರವನ್ನು ಬಲ್ಲವರಿಗೆ ವಿದಿತವೇ ಆಗಿದೆ. ಮೂಲವು ಒಂದೇ ಆಗಿದ್ದರೂ ಬಳಕೆಯಲ್ಲಿ ಇವೆರಡರ ದಾರಿಗಳು ಬೇರೆಯಾಗಿವೆ. ೧೯೯೧-೯೨ರಲ್ಲಿ ಕರ್ನಾಟಕ ಸರಕಾರವು ಬಡವರಿಗೆ ಮನೆ ಕಟ್ಟಿಕೊಳ್ಳಲು ನೆರವೀಯುವ ಯೋಜನೆಯನ್ನು ಕೈಗೊಂಡಾಗ ಅದಕ್ಕೆ 'ಆಶ್ರಯ' ಎಂಬ ಹೆಸರನ್ನಿಟ್ಟಿತು. ಜನರು 'ಆಸರೆ' ಎಂದಾಗಲಾದರೋ ಕೈಹಿಡಿದು ನಡೆಸುವವರನ್ನು ಕುರಿತು ಆಡುತ್ತಾರೆ. ಸೂರು ಮೊದಲನೆಯದು, ಸೂರಿನ ಕೆಳಗಣ ಬಾಳ್ವೆಗೆ ಬೇಕಾದ ಒತ್ತಾಸೆ ಎರಡನೆಯದು. ಬೆಳ್ತಂಗಡಿ ತಾಲೂಕಿನ ಕೊಕ್ಕಡ ಸೀಮೆಯಲ್ಲಿ ಈ ಎರಡಕ್ಕೂ ಇರುವ ಸಂಬಂಧವು ವಿಶೇಷವಾಗಿ ವಿಚಾರಾರ್ಹವಾಗಿದೆ.

ಕೊಕ್ಕಡವು ನೇತ್ರಾವತಿಯ ಕೊಳ್ಳಕ್ಕೆ ಸೇರಿದ, ಗುಡ್ಡ ಕಣಿವೆಗಳಿಂದ ಕೂಡಿದ ಊರು. ಇಲ್ಲಿಯ ವೈದ್ಯನಾಥೇಶ್ವರನ ಕೋರಿ ಜಾತ್ರೆಗೆ ದೇಹಬಾಧೆಯ ನಿವಾರಣೆಗಾಗಿ ಹರಕೆ ಹೊತ್ತವರು ಬರುವರು. ಸಮೀಪದ ಸೌತಡ್ಕದಲ್ಲಿ ಮಹಾಗಣಪತಿಯು ಗುಡಿಗೋಪುರಗಳಿಲ್ಲದೆ ಬಯಲಿನಲ್ಲಿಯೇ ಪೂಜೆಗೊಳ್ಳುತ್ತಾನೆ. ದನಗಾಹಿ ಹುಡುಗರು ಸೌತೆಕಾಯಿಯನ್ನು ನೈವೇದ್ಯವಾಗಿ ಒಪ್ಪಿಸಿದ 'ಅಡ್ಕ', ಎಂದರೆ ಬಯಲು, ಸೌತಡ್ಕವಾಯಿತೆಂದು ಸ್ಥಳಪುರಾಣವು ಹೇಳುವುದು. ಬಯಲು ದೇವರಿಗೆ ಒಪ್ಪಿತವಾದರೂ ಮನುಷ್ಯನಿಗೆ ಒಪ್ಪದು. ಮಳೆಗಾಲವು ಇಷ್ಟು ಬಿರುಸಾಗಿರುವ ನಾಡಿನಲ್ಲಿ ಮನೆಯು ಜೀವರಕ್ಷಣೆಯ ಮೊದಲನೆಯ ಸಾಧನ.

ಈ ಸೀಮೆಯ ಬಡವನ ಮನೆಯು ಬಹುಕಾಲ ಮಣ್ಣಿನ ಗೋಡೆಯದೂ ಮುಳಿಹುಲ್ಲಿನ ಮಾಡಿನದೂ ಆಗಿದ್ದಿತು. ೧೮೬೫ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಹಂಚಿನ ಮಾಡು ಮೆಲ್ಲನೆ ಒಳನಾಡಿಗೂ ಹಬ್ಬಿತು. ಮುರಕಲ್ಲಿನ ಗೋಡೆ, ಹಂಚಿನ ಮಾಡು ಸ್ಥಿತಿವಂತಿಕೆಯ ಗುರುತಾದುವು. ಆದರೆ ಕಟ್ಟಡಕ್ಕಿಂತ ಕಠಿನವಾದ ಪ್ರಶ್ನೆ ನೆಲದ್ದು. ಒಕ್ಕಲು ಮತ್ತು ಕೂಲಿಯಾಳು ಧಣಿಯ ಭೂಮಿಯಲ್ಲಿ ಬಿಡಾರ ಕಟ್ಟಿಕೊಂಡಿದ್ದರೆ, ಧಣಿಯ ಮನಸ್ಸು ಮುರಿದ ದಿನ ಬಿಡಾರವೂ ಹೋಗುವ ಭಯವಿದ್ದಿತು. ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರನಿಗೆ ಉಳುವ ಭೂಮಿಯ ಹಕ್ಕು ದೊರೆಯಿತು. ಅದೇ ಕಾನೂನಿನ ೩೮ನೆಯ ಕಲಮು ಕೃಷಿಕಾರ್ಮಿಕನಿಗೆ ತಾನು ವಾಸವಾಗಿರುವ ಮನೆಯ ಅಡಿಸ್ಥಳದ ಹಕ್ಕನ್ನು ಕೊಟ್ಟಿತು. ವಸತಿಯ ಇತಿಹಾಸದಲ್ಲಿ ಇದು ಮನೆಯನ್ನು ಕಟ್ಟಿಕೊಡುವುದಕ್ಕಿಂತ ದೊಡ್ಡ ಕಾರ್ಯವೆಂದೇ ಹೇಳಬೇಕು. ೨೦೦೦ದಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಬಂದ ಸಹಾಯಧನವೂ ನೆಲದ ಹಕ್ಕಿದ್ದವನಿಗೇ ಸುಲಭವಾಗಿ ದಕ್ಕುವಂಥದು. ವರ್ಗಜಮೀನಿಗೆ ತಾಗಿ ಸೊಪ್ಪುಸೌದೆಗಳಿಗಾಗಿ ಮೀಸಲಾದ ಕುಮ್ಕಿ, ಅದರಾಚೆ ಅರಣ್ಯ, ಇವುಗಳ ನಡುವೆ ಹೊಸ ನಿವೇಶನವನ್ನು ಹುಡುಕುವುದು ಇಲ್ಲಿ ಇಂದಿಗೂ ಸುಲಭವಲ್ಲ.

ಇಷ್ಟು ಆಶ್ರಯದ ಮಾತಾಯಿತು. ಆಸರೆಯ ಪ್ರಶ್ನೆಯನ್ನು ಕೊಕ್ಕಡಕ್ಕೆ ಒಡ್ಡಿದುದು ಎಂಡೋಸಲ್ಫಾನ್. ಗೇರುತೋಟಗಳಿಗೆ ಬೀಳುವ ಟೀ ಸೊಳ್ಳೆಯನ್ನು ಕೊಲ್ಲುವುದಕ್ಕಾಗಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ನೆಡುತೋಪುಗಳ ಮೇಲೆ, ಸುಮಾರು ೧೯೮೦ರಿಂದ ೨೦೦೦ದ ವರೆಗೆ, ಈ ವಿಷವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ಅಪಸ್ಮಾರಗಳಿಂದ ನರಳುವ ಮಕ್ಕಳಿರುವ ಮನೆಗಳು ಬೆಳಕಿಗೆ ಬಂದುವು. ಊರವರೇ ಹೋರಾಟ ಸಮಿತಿಯನ್ನು ಕಟ್ಟಿ ಸರಕಾರದ ಬಾಗಿಲನ್ನೂ ಉಚ್ಚ ನ್ಯಾಯಾಲಯದ ಬಾಗಿಲನ್ನೂ ತಟ್ಟಿದರು. ಪರಿಹಾರ, ಮಾಸಾಶನಗಳು ಬಂದುವು. ೨೦೧೧ರ ಮೇ ೧೩ರಂದು ಸರ್ವೋಚ್ಚ ನ್ಯಾಯಾಲಯವು ಈ ವಿಷವನ್ನು ದೇಶದಾದ್ಯಂತ ನಿಷೇಧಿಸಿತು.

ಮಾಸಾಶನವು ಅಕ್ಕಿಯನ್ನು ತಂದೀತು, ಔಷಧವನ್ನು ತಂದೀತು. ಹಾಸಿಗೆ ಹಿಡಿದ ಇಪ್ಪತ್ತು ವರ್ಷದ ಮಗನನ್ನು ಎತ್ತಿ ಸ್ನಾನಮಾಡಿಸುವ ಕೈಗಳನ್ನು ಅದು ತಾರದು. ಅಂಥ ಮನೆಯಲ್ಲಿ ತಾಯಿಯು ಕೂಲಿಗೆ ಹೋಗಲಾರಳು. ಕೂಲಿಯಿಲ್ಲದೆ ಮನೆ ನಡೆಯಲಾರದು. ಈ ಗಂಟನ್ನು ಬಿಡಿಸುವ ಉಪಾಯವಾಗಿ ಕೊಕ್ಕಡದಲ್ಲಿಯೂ ಕೊಯಿಲದಲ್ಲಿಯೂ ಹಗಲುಪಾಲನಾ ಕೇಂದ್ರಗಳು ತೆರೆಯಲ್ಪಟ್ಟುವು. ಹಗಲಿನಲ್ಲಿ ಮಕ್ಕಳಿಗೆ ಊಟ, ಅಂಗಸಾಧನೆ, ಸಂಗಡಿಗರು. ತಂದೆತಾಯಿಗಳಿಗೆ ದುಡಿಯುವ ಬಿಡುವು. ಆದರೆ ಈ ಜಿಲ್ಲೆಯಲ್ಲಿ ಮನೆಗಳು ಒತ್ತೊತ್ತಾಗಿರದೆ ತಂತಮ್ಮ ಗದ್ದೆತೋಟಗಳ ಮಗ್ಗುಲಲ್ಲಿ ಚದರಿಕೊಂಡಿರುವುವು. ವಾಹನವು ಬರುವ ರಸ್ತೆಗೂ ಗುಡ್ಡದ ಮನೆಗೂ ನಡುವೆ ಕಾಲುದಾರಿಯಿದ್ದಲ್ಲಿ, ನಡೆಯಲಾರದವನನ್ನು ಹೊತ್ತೇ ತರಬೇಕು. ಹೀಗಾಗಿ ಯಾರಿಗೆ ಕೇಂದ್ರವು ಅತ್ಯಂತ ಅವಶ್ಯವೋ ಅವರಿಗೇ ಅದು ಅತಿ ದೂರ. ಮೇಲಾಗಿ ಅದು ಸಂಜೆಗೆ ಮುಚ್ಚುವುದು. ತಮ್ಮ ಕಾಲಾನಂತರ ಮಗುವಿನ ಗತಿಯೇನೆಂಬ ತಂದೆತಾಯಿಗಳ ಚಿಂತೆಗೆ ಹಗಲಿನ ಪಾಲನೆಯಲ್ಲಿ ಉತ್ತರವಿಲ್ಲ. ಆದುದರಿಂದಲೇ ಹಗಲಿರುಳೂ ವಾಸಿಸಬಹುದಾದ ಶಾಶ್ವತ ಪುನರ್ವಸತಿ ಕೇಂದ್ರದ ಬೇಡಿಕೆಯು ಹುಟ್ಟಿತು.

ಸೂರು ಮತ್ತು ಒತ್ತಾಸೆಗಳನ್ನು ಒಂದುಗೂಡಿಸಿದ ಪ್ರಯತ್ನಗಳು ಈ ಜಿಲ್ಲೆಗೆ ಹೊಸವಲ್ಲ. ಕುದ್ಮುಲ್ ರಂಗರಾಯರು ೧೮೯೭ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ ದಲಿತರಿಗೆ ಪಾಠಶಾಲೆ, ಕಸುಬಿನ ಶಿಕ್ಷಣ, ಮನೆಯ ನಿವೇಶನಗಳನ್ನು ಒಂದೇ ಕಾರ್ಯದ ಅಂಗಗಳೆಂದು ಭಾವಿಸಿದರು. ಉಜಿರೆಯಲ್ಲಿ ಮಂಜಯ್ಯ ಹೆಗ್ಗಡೆಯವರು ೧೯೪೦ರಲ್ಲಿ ತೆರೆದ ಸಿದ್ಧವನ ಗುರುಕುಲವು ಬಡ ವಿದ್ಯಾರ್ಥಿಗಳಿಗೆ ವಸತಿಯೊಡನೆ ಶಿಸ್ತನ್ನೂ ಕೃಷಿಯ ಅಭ್ಯಾಸವನ್ನೂ ಒದಗಿಸಿತು. ೧೯೮೨ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು 'ವಾತ್ಸಲ್ಯ' ಎಂಬ ಕಾರ್ಯಕ್ರಮದ ಮೂಲಕ ನಿರ್ಗತಿಕರಿಗೆ ಮನೆಗಳನ್ನು ಕಟ್ಟಿಕೊಟ್ಟಿದೆ. ಕನ್ಯಾಡಿಯ ಸೇವಾಭಾರತಿಯು ಸೌತಡ್ಕದಲ್ಲಿಯೇ 'ಸೇವಾಧಾಮ'ವನ್ನು ಸ್ಥಾಪಿಸಿ, ಬೆನ್ನುಹುರಿಗೆ ಪೆಟ್ಟಾಗಿ ನಡೆಯಲಾರದಾದವರಿಗೆ ತಂಗುದಾಣವನ್ನೂ ಸ್ವಾವಲಂಬನದ ಶಿಕ್ಷಣವನ್ನೂ ಏರ್ಪಡಿಸಿದೆ. ಮರದಿಂದಲೋ ಮಾಡಿನಿಂದಲೋ ಬಿದ್ದು ಬೆನ್ನು ಮುರಿದುಕೊಂಡವನು ಗಾಲಿಕುರ್ಚಿಯನ್ನು ನಡೆಸಲೂ ಹಾಸಿಗೆಹುಣ್ಣನ್ನು ತಡೆಯಲೂ ಕಲಿತು ಮನೆಗೆ ಮರಳಬೇಕೆಂಬುದೇ ಇಂಥ ವಾಸದ ಉದ್ದೇಶ.

ಇವುಗಳೊಳಗೆ ಒಂದು ಭೇದವನ್ನು ಮಾತ್ರ ಮರೆಯಲಾಗದು. ಗುರುಕುಲದ ವಿದ್ಯಾರ್ಥಿ ಒಂದು ದಿನ ಹೊರಡುವನು, ಬೆನ್ನು ಮುರಿದವನೂ ಕಲಿತು ಮನೆ ಸೇರುವನು. ಅವರಿಗೆ ಕೆಲಕಾಲದ ಆಸರೆ ಸಾಕು. ಎಂಡೋಸಲ್ಫಾನಿನ ಮನೆಯ ಮಗುವಿಗೆ ಜೀವಮಾನದ ಆಸರೆ ಬೇಕು. ಅದರ ವೆಚ್ಚವನ್ನು ದಾನಿಗಳ ಉದಾರತೆಗೆ ಮಾತ್ರ ಬಿಡಲಾಗದು. 'ಮನೆ' ಎಂಬ ದ್ರಾವಿಡ ಶಬ್ದದ ಮೂಲವು ನೆಲೆನಿಲ್ಲು, ಬಾಳು ಎಂಬ ಅರ್ಥದ 'ಮನ್' ಧಾತು. ಬಾಳಲು ನೆರವಿಲ್ಲದ ಕಟ್ಟಡವು ಆ ಹೆಸರಿಗೆ ಸಲ್ಲದು. ಒಂದೇ ಬೇರಿನ ಆಶ್ರಯ, ಆಸರೆಗಳನ್ನು ನಾಡು ಮತ್ತೆ ಒಂದಾಗಿ ಕಾಣುವುದೋ ಎಂಬುದಕ್ಕೆ ಕೊಕ್ಕಡದ ಗುಡ್ಡದ ಮನೆಗಳೇ ಒರೆಗಲ್ಲು.