ತೋಟದ ಕೋವಿಯ ಹ್ಯಾಮರ್

ಯಲ್ಲಾಪುರ ತಾಲ್ಲೂಕಿನ ಉಮ್ಮಚಗಿ ಸೀಮೆಯ ಅಡಿಕೆ ತೋಟಗಳಿಗೆ ಒತ್ತಿಕೊಂಡೇ ಬೆಟ್ಟ, ಬೆಟ್ಟದ ತುಂಬ ಮಂಗ. ಎಳೆ ಅಡಿಕೆ, ಬಾಳೆಗೊನೆ, ಏಲಕ್ಕಿ ಯಾವುದನ್ನೂ ಅವು ಬಿಡವು. ರಾತ್ರಿ ಪಾಳಿ ಕಾಡುಹಂದಿಯದು. ಅದಕ್ಕೇ ಈ ಕಡೆಯ ಮನೆಗಳಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಇನ್ನೂ ಕಾಣಸಿಗುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆಂದೇ ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿಯ ದಾರಿ ಇಟ್ಟಿದೆ. ವನ್ಯಜೀವಿ ಕಾಯ್ದೆ ಇರುವಾಗ ಮಂಗನಿಗೆ ಗುಂಡು ಹೊಡೆಯುವಂತಿಲ್ಲ; ಸದ್ದು ಮಾಡಿ ಓಡಿಸಬೇಕು. ಆ ಸದ್ದಿಗೂ ಮಂಗಗಳು ಬೇಗ ಒಗ್ಗಿಕೊಳ್ಳುತ್ತವೆ, ಆ ಮಾತು ಬೇರೆ.

ಈ ಕೋವಿಯಲ್ಲಿ ಮೊದಲು ಕೆಡುವುದು ಹ್ಯಾಮರ್, ಅಂದರೆ ಮದ್ದಿಗೆ ಕಿಡಿ ಕೊಡುವ ಕೇಪಿನ ಮೇಲೆ ಬಡಿಯುವ ತುಂಡು. ಕರಿಮದ್ದಿನ ಮಸಿ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಬಗೆಯ ಕೇಪು ಸಿಡಿದಾಗ ಉಪ್ಪಿನಂಶ ಬಿಡುತ್ತದೆ. ಮಲೆನಾಡಿನ ಮಳೆಯೂ ಸೇರಿದರೆ ಹ್ಯಾಮರಿನ ಮೂತಿಯ ಕುಳಿ ತುಕ್ಕಿಗೆ ತುತ್ತು. ಬಲ್ಲವರು ಬಿಸಿನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿಯೇ ಒಳಗಿಡುತ್ತಾರೆ. ತುಕ್ಕು ತೆಗೆದ ಮೇಲೆ ರಿಪೇರಿಯವರು ಕೊಡುವ ಕಪ್ಪುನೀಲಿ ಹೊಳಪು ಬಣ್ಣವಲ್ಲ. ಕಬ್ಬಿಣದ ಮೈಮೇಲೆ ಬೇಕೆಂದೇ ಬರಿಸಿದ ತೆಳ್ಳಗಿನ ಆಕ್ಸೈಡ್ ಪದರ. ಅದು ತುಕ್ಕನ್ನು ಪೂರ್ತಿ ತಡೆಯದು, ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಪೇಟೆಯ ರಿವಾಲ್ವರ್‌ನ ಕತೆಯೇ ಬೇರೆ. ಅದನ್ನು ಬಟ್ಟೆಯೊಳಗೆ ಇಟ್ಟುಕೊಳ್ಳುವವರಿಗೆ ಹ್ಯಾಮರನ್ನು ಹೆಬ್ಬೆರಳಿಂದ ಏರಿಸುವ ಕೊಕ್ಕೆಯೇ ತೊಡಕು, ತೆಗೆಯುವಾಗ ಜೇಬಿಗೆ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ಕೋಲ್ಟ್ ಕಂಪನಿಯಲ್ಲಿದ್ದ ಫಿಟ್ಜ್‌ಜೆರಾಲ್ಡ್ 1920ರ ದಶಕದಲ್ಲಿ ಆ ಕೊಕ್ಕೆಯನ್ನೇ ಕತ್ತರಿಸಿದ ರಿವಾಲ್ವರ್‌ಗಳನ್ನು ಮಾಡಿ ಹೆಸರಾದ. ಸ್ಮಿತ್ ಆ್ಯಂಡ್ ವೆಸನ್ 1952ರ ಸುಮಾರಿಗೆ ಹ್ಯಾಮರನ್ನು ಪೂರ್ತಿ ಒಳಗೇ ಅಡಗಿಸಿದ ಮಾದರಿ ತಂದಿತು. ನಮ್ಮ ಕೋವಿ ಹೆಗಲ ಮೇಲೇ ಹೋಗುವಂಥದ್ದು, ಅಡಗಿಸುವ ಮಾತೇ ಇಲ್ಲ. ಅದಕ್ಕೆ ಕೊಕ್ಕೆ ಬೇಕೇ ಬೇಕು. ಮಳೆಯಲ್ಲಿ ನೆನೆದ ಹೆಬ್ಬೆರಳು ಜಾರದಂತೆ ಅದರ ಮೇಲೆ ಗೀರುಗಳಿರುತ್ತವೆ. ಅವು ಸವೆದು ನುಣುಪಾದರೆ ಏರಿಸುವಾಗಲೇ ಜಾರಿ ಈಡು ಹಾರೀತು.

ಅದಕ್ಕಿಂತ ಅಪಾಯ ಒಳಗಿನ ಕಚ್ಚಿನದು. ಹ್ಯಾಮರನ್ನು ಅರ್ಧಕ್ಕೆ ಏರಿಸಿ ನಿಲ್ಲಿಸುವ ಆ ಕಚ್ಚು ಸವೆದರೆ ಕೈಯಲ್ಲಿದ್ದಾಗಲೇ ಈಡು ತಾನಾಗಿ ಹಾರಬಹುದು. ಹಳೆಯ ಹ್ಯಾಮರುಗಳಿಗೆ ಮೇಲ್ಮೈ ಮಾತ್ರ ಗಟ್ಟಿ, ಒಳಗೆ ಮೆತ್ತಗೆ. ಊರ ಕುಲುಮೆಯಲ್ಲಿ ಕಾಯಿಸಿ ಬಡಿದರೆ, ಅರದಿಂದ ಉಜ್ಜಿದರೆ ಆ ಗಟ್ಟಿತನ ಹೋಯಿತೆಂದೇ ಲೆಕ್ಕ. ಕಾಯ್ದೆಯೂ ಪರವಾನಗಿ ಇಲ್ಲದವರು ಕೋವಿ ರಿಪೇರಿ ಮಾಡುವುದನ್ನು ಒಪ್ಪುವುದಿಲ್ಲ.

ಚುನಾವಣೆ ಬಂತೆಂದರೆ ಕೋವಿ ಪೊಲೀಸ್ ಠಾಣೆ ಸೇರುತ್ತದೆ. ಫಸಲಿನ ಹೊತ್ತಿಗೆ ಹೀಗಾದಾಗ ರೈತರು ಹೈಕೋರ್ಟಿಗೆ ಹೋದದ್ದೂ ಉಂಟು. ಠಾಣೆಯಿಂದ ವಾಪಸು ತಂದ ಮೇಲೆ ಮದ್ದು ತುಂಬುವ ಮೊದಲು ಹ್ಯಾಮರನ್ನು ನೋಡಿ. ಅರ್ಧ ಕಚ್ಚಿನಲ್ಲಿ ಅದು ಗಟ್ಟಿ ನಿಲ್ಲದಿದ್ದರೆ ಪರವಾನಗಿ ಪುಸ್ತಕ ಹಿಡಿದು ಲೈಸೆನ್ಸ್ ಇರುವ ರಿಪೇರಿ ಅಂಗಡಿಗೇ ಹೋಗಿ.