ಹಳೆಯ ಟ್ರ್ಯಾಕ್ಟರಿಗೆ ಬೇರೊಂದರ ಲೋಡರ್: ಜೋಡಿಸುವ ಮುನ್ನ



ಈಚೆಗೆ ಸಂಘದ ಕಚೇರಿಗೆ ಬರುವ ಬೆಳೆಗಾರರಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: "ಅಗ್ಗಕ್ಕೆ ಒಂದು ಹಳೆಯ ಲೋಡರ್ ಸಿಗುತ್ತದೆ, ಮನೆಯ ಟ್ರ್ಯಾಕ್ಟರಿಗೆ ಕೂರುತ್ತದೆಯೇ?" ಕೊಟ್ಟಿಗೆ ಗೊಬ್ಬರ, ಕಾಫಿ ಸಿಪ್ಪೆ, ಮರಳು, ಮಣ್ಣು ತುಂಬಲು ಆಳುಗಳು ಸಿಗದ ಈ ದಿನಗಳಲ್ಲಿ ಪ್ರಶ್ನೆ ಸಹಜವೇ. ಉತ್ತರವನ್ನು ಮಾತ್ರ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲಾಗದು.

ಈ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ದೊಡ್ಡ ಟ್ರ್ಯಾಕ್ಟರಿನಿಂದ ಬಿಚ್ಚಿದ ಲೋಡರನ್ನು ತಂದು, ನಮ್ಮ ಮೂವತ್ತೈದು ಅಶ್ವಶಕ್ತಿಯ ಹಳೆಯ ಟ್ರ್ಯಾಕ್ಟರಿನ ಮೂತಿಗೆ ಎರಡು ಪ್ಲೇಟು ಹೊಡೆಸಿ ಕೂರಿಸಿದೆ. ಎರಡನೆಯ ಮಳೆಗಾಲದ ಹೊತ್ತಿಗೆ ಇಂಜಿನ್ನೂ ಕ್ಲಚ್ ಕವಚವೂ ಸೇರುವ ಕಡೆ ಎಣ್ಣೆ ಜಿನುಗಿತು. ಬಿಚ್ಚಿ ನೋಡಿದರೆ ಬೋಲ್ಟುಗಳು ಸಡಿಲಾಗಿ, ಎರಕದ ಕವಚವೇ ಬಿರುಕು ಬಿಟ್ಟಿತ್ತು. ಲೋಡರಿನಲ್ಲಿ ಉಳಿಸಿದ ಹಣ ರಿಪೇರಿಗೆ ಸಾಲಲಿಲ್ಲ. ಅದಕ್ಕೂ ಮುಂಚೆ ಒಂದು ದಿನ, ಕಣದ ಇಳಿಜಾರಿನಲ್ಲಿ ತುಂಬಿದ ಬಕೆಟ್ ಎತ್ತಿಕೊಂಡು ಇಳಿಯುವಾಗ ಹಿಂದಿನ ಒಂದು ಚಕ್ರ ನೆಲ ಬಿಟ್ಟಿತು. ನಮ್ಮ ಚಾಲಕ ತಕ್ಷಣ ಬಕೆಟ್ ಇಳಿಸಿದ್ದರಿಂದ ಅವನ ಜೀವ ಉಳಿಯಿತು. ತಪ್ಪು ಅವನದಲ್ಲ, ಲೆಕ್ಕ ಹಾಕದೆ ಜೋಡಿಸಿದ ನನ್ನದು.

ಬೆನ್ನೆಲುಬು ಎಲ್ಲಿದೆ?

ಲಾರಿಗೆ ಇರುವಂತೆ ಹಳೆಯ ಟ್ರ್ಯಾಕ್ಟರುಗಳಲ್ಲಿ ಬಹುಪಾಲಿಗೆ ಪ್ರತ್ಯೇಕ ಚಾಸಿ ಇಲ್ಲ. ಇಂಜಿನ್, ಕ್ಲಚ್ ಕವಚ, ಗೇರ್ ಪೆಟ್ಟಿಗೆ, ಹಿಂದಿನ ಆಕ್ಸಲ್ ಇವುಗಳನ್ನು ಒಂದಕ್ಕೊಂದು ಬೋಲ್ಟು ಹಾಕಿ ಕಟ್ಟಿರುವುದೇ ಅದರ ಬೆನ್ನೆಲುಬು. ಭಾರವನ್ನು ಮೂತಿಗೆ ಮಾತ್ರ ಕಟ್ಟಿದರೆ ಈ ಸೇರುವೆಗಳು ಬಾಗುವ ಒತ್ತಡಕ್ಕೆ ಸಿಕ್ಕುತ್ತವೆ. ಆದ್ದರಿಂದ ಲೋಡರಿನ ಕಂಬಗಳನ್ನು ಎರಡೂ ಪಕ್ಕದಲ್ಲಿ ಉದ್ದನೆಯ ಉಕ್ಕಿನ ಚಾನಲ್‌ಗಳ ಮೇಲೆ ನಿಲ್ಲಿಸಿ, ಆ ಚಾನಲ್‌ಗಳನ್ನು ಹಿಂದಿನ ಆಕ್ಸಲ್ ಕವಚದವರೆಗೆ ಒಯ್ದು ಕಟ್ಟತಕ್ಕದ್ದು. ಎರಕದ ಭಾಗಕ್ಕೆ ವೆಲ್ಡಿಂಗ್ ಬೇಡ. ತಯಾರಕರೇ ಕೊಟ್ಟಿರುವ ರಂಧ್ರಗಳಲ್ಲಿ ತಲೆಯ ಮೇಲೆ 8.8 ಎಂದು ಗುರುತಿರುವ ಬೋಲ್ಟನ್ನೇ ಹಾಕಿಸಿ. ಹತ್ತು ಗಂಟೆ ಕೆಲಸವಾದ ಮೇಲೆ ಎಲ್ಲವನ್ನೂ ಮತ್ತೆ ಬಿಗಿ ಮಾಡಿಸಿ.

ಕೊಳ್ಳುವ ಮೊದಲೇ ಅಳತೆ

ಟೇಪು ಹಿಡಿದು ಇಷ್ಟನ್ನು ನೋಡಿ. ಲೋಡರಿನ ಎರಡು ತೋಳುಗಳ ನಡುವಿನ ಅಗಲದಲ್ಲಿ ನಿಮ್ಮ ಟ್ರ್ಯಾಕ್ಟರಿನ ಬಾನೆಟ್ ಹಿಡಿಯುತ್ತದೆಯೇ? ಮುಂದಿನ ಚಕ್ರವನ್ನು ಪೂರ್ತಿ ತಿರುಗಿಸಿದಾಗ, ಹಳ್ಳಕ್ಕೆ ಇಳಿದು ಆಕ್ಸಲ್ ಓರೆಯಾದಾಗ ಟೈರು ಚಾನಲ್‌ಗೆ ತಗಲುವುದಿಲ್ಲವೇ? ತೋಳಿನ ಕೀಲು ಇರುವ ಎತ್ತರ ಮೊದಲಿನಷ್ಟೇ ಬರುತ್ತದೆಯೇ? ಅದು ಮೇಲಾದರೆ ಬಕೆಟ್ ನೆಲ ಮುಟ್ಟುವುದಿಲ್ಲ, ಕೆಳಗಾದರೆ ಟ್ರೇಲರಿನ ಅಂಚು ದಾಟುವುದಿಲ್ಲ. ಆಯಿಲ್ ನೋಡುವ ಕಡ್ಡಿ, ಡೀಸೆಲ್ ಫಿಲ್ಟರ್, ಏರ್ ಕ್ಲೀನರ್ ಇವುಗಳಿಗೆ ಕೈ ಹೋಗಬೇಕು.

ಭಾರದ ಲೆಕ್ಕ

ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 190 ಸೆಂ.ಮೀ. ಅಂತರವಿದೆ, ಮುಂದಿನ ಆಕ್ಸಲ್‌ನಿಂದ 120 ಸೆಂ.ಮೀ. ಮುಂದೆ ಬಕೆಟ್‌ನಲ್ಲಿ 300 ಕಿಲೋ ಹಸಿ ಗೊಬ್ಬರವಿದೆ ಎಂದಿಟ್ಟುಕೊಳ್ಳಿ. 300ನ್ನು 120ರಿಂದ ಗುಣಿಸಿ 190ರಿಂದ ಭಾಗಿಸಿದರೆ ಸುಮಾರು 190 ಕಿಲೋ ಬರುತ್ತದೆ. ಅಷ್ಟು ಭಾರ ಹಿಂದಿನ ಚಕ್ರಗಳಿಂದ ಕಳೆಯುತ್ತದೆ. ಮುಂದಿನ ಆಕ್ಸಲ್‌ಗೆ 300 ಅಲ್ಲ, 490 ಕಿಲೋ ಸೇರುತ್ತದೆ. ಲೋಡರಿನ ಸ್ವಂತ ತೂಕ ಬೇರೆ. ಮುಂದಿನ ಟೈರು, ಕಿಂಗ್ ಪಿನ್, ಆಕ್ಸಲ್‌ನ ನಡುಪಿನ್ನು ಸವೆದಿದ್ದರೆ ಮೊದಲು ಅವನ್ನು ಬದಲಿಸಿ. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿಯಲ್ಲಿ ಚಾಲಕನ ತೋಳಿಗೂ ಇದು ಕಷ್ಟ.

ಇದಕ್ಕೆ ಪರಿಹಾರ ಹಿಂದೆ ಪ್ರತಿಭಾರ. 50 ಸೆಂ.ಮೀ. ಉದ್ದ, ಅಗಲ, ಎತ್ತರದ ಕಾಂಕ್ರೀಟ್ ದಿಮ್ಮಿ ಸುಮಾರು 300 ಕಿಲೋ ತೂಗುತ್ತದೆ. ಅದನ್ನು ಹಿಂದಿನ ಆಕ್ಸಲ್‌ನಿಂದ 90 ಸೆಂ.ಮೀ. ಹಿಂದೆ, ಮೂರು ಬಿಂದುವಿನ ಲಿಫ್ಟಿಗೆ ಕಟ್ಟಿದರೆ ಹಿಂದಿನ ಚಕ್ರಗಳಿಗೆ 440 ಕಿಲೋ ಸೇರಿ, ಮುಂದಿನಿಂದ 140 ಕಿಲೋ ಇಳಿಯುತ್ತದೆ. ದಿಮ್ಮಿ ಇಲ್ಲದೆ ಲೋಡರ್ ಓಡಿಸಲೇಬಾರದು.

ಎಣ್ಣೆಯ ವಿಚಾರ

50 ಮಿ.ಮೀ. ವ್ಯಾಸದ ಸಿಲಿಂಡರ್ 200 ಕಿಲೋ ಒತ್ತಡದಲ್ಲಿ (ಚದರ ಸೆಂ.ಮೀ.ಗೆ) ಸುಮಾರು 3,900 ಕಿಲೋ ಬಲ ಕೊಟ್ಟರೆ, 150ರಲ್ಲಿ ಕೊಡುವುದು 2,900 ಮಾತ್ರ. ನಿಮ್ಮ ಟ್ರ್ಯಾಕ್ಟರಿನ ಒತ್ತಡ ಕಡಿಮೆಯಿದ್ದರೆ ಎತ್ತುವ ಶಕ್ತಿಯೂ ಅಷ್ಟೇ ಇಳಿಯುತ್ತದೆ. ರಿಲೀಫ್ ವಾಲ್ವಿನ ಸ್ಕ್ರೂ ತಿರುಗಿಸಿ ಸರಿಮಾಡಲು ಹೋಗಬೇಡಿ. ಪಂಪು ಅಥವಾ ಹೋಸು ಒಡೆಯುತ್ತದೆ.

ಮ್ಯಾಸ್ಸಿ ಫರ್ಗ್ಯುಸನ್ 35ರ ವಂಶದ ಗಾಡಿಗಳಲ್ಲಿ ಪಂಪು ಹಿಂದಿನ ಪೆಟ್ಟಿಗೆಯ ಎಣ್ಣೆಯಲ್ಲೇ ಮುಳುಗಿದ್ದು, ಪಿ.ಟಿ.ಒ. ಶಾಫ್ಟಿನಿಂದ ತಿರುಗುತ್ತದೆ. ಕ್ಲಚ್ ಒಂದೇ ಹಂತದ್ದಾದರೆ, ಅದನ್ನು ಒತ್ತಿದೊಡನೆ ಪಂಪೂ ನಿಂತು ಬಕೆಟ್ ಏಳುವುದಿಲ್ಲ. ಅಂಥಲ್ಲಿ ಕ್ರ್ಯಾಂಕ್ ಶಾಫ್ಟಿನಿಂದ ನಡೆಯುವ ಬೇರೆ ಪಂಪು, ಬೇರೆ ಎಣ್ಣೆ ತೊಟ್ಟಿ ಇಡುವುದೇ ಲೇಸು. ಲೋಡರಿನ ಸಿಲಿಂಡರಿನಲ್ಲಿ ಉಳಿದ ಹಳೆಯ ಎಣ್ಣೆ, ನೀರು, ತುಕ್ಕು ಟ್ರ್ಯಾಕ್ಟರಿನ ಗೇರ್ ಪೆಟ್ಟಿಗೆಗೆ ಸೇರದಂತೆಯೂ ಇದು ಕಾಯುತ್ತದೆ. ಹೇಗಿದ್ದರೂ ಸಿಲಿಂಡರುಗಳನ್ನು ಬಿಚ್ಚಿ ತೊಳೆಸಿ, ಸೀಲು ಬದಲಿಸಿಯೇ ಜೋಡಿಸಿ. ಹೋಸುಗಳನ್ನು ಹೊಸದಾಗಿ ಕೊಳ್ಳಿ.

ಕೊನೆಯದಾಗಿ

ಬಕೆಟ್ಟನ್ನು ನೆಲದಿಂದ ಮೊಳದಷ್ಟು ಎತ್ತರದೊಳಗೇ ಇಟ್ಟು ಸಾಗಿಸಿ. ಎತ್ತಿದ ತೋಳಿನ ಕೆಳಗೆ ಊರುಗೋಲು ಕೊಡದೆ ಯಾರೂ ಹೋಗಬಾರದು. ಹೋಸು ಸೋರುತ್ತಿದೆಯೇ ಎಂದು ಬೆರಳಿನಿಂದ ಸವರಿ ನೋಡಬಾರದು. ಸೂಜಿಯಂತೆ ಚಿಮ್ಮುವ ಎಣ್ಣೆ ಚರ್ಮದೊಳಗೆ ಹೊಗುತ್ತದೆ. ರಟ್ಟಿನ ಚೂರು ಹಿಡಿದು ನೋಡಿ. ಅಡಿಕೆ ಕೊನೆ ಇಳಿಸಲೆಂದೋ ಮೆಣಸು ಕೊಯ್ಯಲೆಂದೋ ಬಕೆಟ್ಟಿನಲ್ಲಿ ಆಳನ್ನು ನಿಲ್ಲಿಸಿ ಎತ್ತುವುದನ್ನು ಕಂಡಿದ್ದೇನೆ. ಒಂದು ಹೋಸು ಒಡೆದರೆ ಬಕೆಟ್ ತಟಕ್ಕನೆ ಬೀಳುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ರಸ್ತೆಗೆ ಇಳಿಸುವ ಮುನ್ನ ಸಾರಿಗೆ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಇಷ್ಟೆಲ್ಲ ಖರ್ಚು ಕೂಡಿಸಿದ ಮೇಲೂ ಲಾಭವೆಂದು ಕಂಡರೆ ಧಾರಾಳವಾಗಿ ಜೋಡಿಸಿ. ಇಲ್ಲವಾದರೆ ವರ್ಷಕ್ಕೆ ನಾಲ್ಕು ದಿನದ ಕೆಲಸಕ್ಕೆ ಬಾಡಿಗೆ ಯಂತ್ರವೇ ಅಗ್ಗ. ಮುಂಗಡ ಕೊಡುವ ಮೊದಲು ಮೇಲಿನ ಅಳತೆಗಳನ್ನು ಬರೆದು ತಂದರೆ, ಕಚೇರಿಯಲ್ಲಿ ಕೂತು ಒಟ್ಟಿಗೆ ಲೆಕ್ಕ ಹಾಕೋಣ.

— ಕಾರ್ಯದರ್ಶಿ